ಆರಿದ ಗಣಕ, ಮಲಗಿದ ಗಣಕ

ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ನಷ್ಟ ಸಂಭವಿಸಿತು. ನಮ್ಮ ತಾಯಿಯವರು ಹಾಡುತ್ತಿದ್ದ ಹಸೆಗೆ ಕರೆಯುವ ಹಾಡು, ಬೀಸುವ ಹಾಡು, ಆರತಿಯ ಹಾಡುಗಳನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಂಡಿದ್ದೆವು. ಒಟ್ಟು ನಲವತ್ತೆರಡು ಹಾಡುಗಳು. ಒಂದು ರಾತ್ರಿ ಅವನ್ನು ಟೆಲಿವಿಷನ್ನಿಗೆ ಜೋಡಿಸಿರುವ ಗಣಕಯಂತ್ರಕ್ಕೆ ವರ್ಗಾಯಿಸಿದೆವು. ತೆರೆಯ ಮೇಲಿನ ಪಟ್ಟಿ ಪೂರ್ತಿಯಾಗಿ ತುಂಬಿ, ಕೆಲಸ ಮುಗಿಯಿತೆಂದು ಸೂಚಿಸಿತು. ಫೋನಿನಲ್ಲಿ ಸ್ಥಳ ಸಾಲದುದರಿಂದ ಅಲ್ಲಿದ್ದ ಪ್ರತಿಗಳನ್ನು ಅಳಿಸಿ, ಅಳಿಸಿದವು ಹೋಗಿ ಸೇರುವ ಬುಟ್ಟಿಯನ್ನೂ ಬರಿದುಮಾಡಿದೆವು. ಮರುಕ್ಷಣವೇ ಟೆಲಿವಿಷನ್ನನ್ನು ನಿಲ್ಲಿಸಿ, ಮಿತವ್ಯಯದ ಅಭ್ಯಾಸದಂತೆ ಗೋಡೆಯ ಸ್ವಿಚ್ಚನ್ನೂ ತೆಗೆದು ಮಲಗಿದೆವು. ಬೆಳಗ್ಗೆ ಎದ್ದು ನೋಡಿದರೆ ಕೊನೆಯ ಒಂಬತ್ತು ಹಾಡುಗಳ ಹೆಸರುಗಳು ಮಾತ್ರ ಇದ್ದುವು, ಹಾಡುಗಳಿರಲಿಲ್ಲ.

ಭೌತವಿಜ್ಞಾನದ ಪಾಠ ಹೇಳುವ ನಮಗೆ ಇದು ನಾಚಿಕೆಯ ಸಂಗತಿಯೇ ಸರಿ. ತಪ್ಪು ಯಂತ್ರದ್ದಲ್ಲ, ನಮ್ಮದು. ಗಣಕವನ್ನು ನಿಲ್ಲಿಸುವುದೆಂದರೆ ದೀಪವನ್ನು ಆರಿಸಿದಂತೆ ಒಂದೇ ಕ್ರಿಯೆಯೆಂದು ನಾವು ಭಾವಿಸಿದ್ದೆವು. ಹಾಡು, ಚಲನಚಿತ್ರ, ಛಾಯಾಚಿತ್ರಗಳನ್ನು ಕೂಡಿಟ್ಟು ಟೆಲಿವಿಷನ್ನಿನಲ್ಲಿ ತೋರಿಸುವುದಕ್ಕೆಂದು ಮನೆಯಲ್ಲಿ ಇರಿಸಿಕೊಳ್ಳುವ ಇಂತಹ ಮಾಧ್ಯಮ ಗಣಕಗಳು ಈಚೆಗೆ ಅಪರೂಪವಲ್ಲ. ಅವು ಮಲಗಲೊಲ್ಲವು, ಮಲಗಿದರೆ ನಡುರಾತ್ರಿ ತಾವಾಗಿ ಏಳುವುವು, ನಿಲ್ಲೆಂದರೆ ನಿಲ್ಲವು ಎಂಬ ದೂರುಗಳೂ ಅಪರೂಪವಲ್ಲ. ಈ ದೋಷಗಳ ಕಾರಣವನ್ನೂ ಪರಿಹಾರವನ್ನೂ ಈ ಲೇಖನದಲ್ಲಿ ವಿಚಾರ ಮಾಡೋಣ.

ಗುಂಡಿಯು ಸ್ವಿಚ್ಚಲ್ಲ

ವಿದ್ಯುದ್ದೀಪದ ಸ್ವಿಚ್ಚು ಮಾಡುವ ಕೆಲಸ ಸರಳವಾದುದು: ಮಂಡಲವನ್ನು ಕೂಡಿಸುವುದು, ಇಲ್ಲವೆ ಕಡಿಯುವುದು. ೧೯೮೦ರ ದಶಕದ ಗೃಹಗಣಕಗಳಲ್ಲಿ ಸಾಮಾನ್ಯವಾಗಿ ಇಂತಹ ಸ್ವಿಚ್ಚೇ ಇದ್ದಿತು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ರಚನಾಕ್ರಮವನ್ನು ಪ್ರಕಟಿಸಿದ ಮೇಲೆ ಈ ಸ್ಥಿತಿ ಬದಲಾಯಿತು. ಈ ಕ್ರಮದಲ್ಲಿ, ಗೋಡೆಯ ಸ್ವಿಚ್ಚನ್ನು ಹಾಕಿರುವಷ್ಟು ಕಾಲವೂ ಗಣಕದ ಪವರ್ ಸಪ್ಲೈ ಪೆಟ್ಟಿಗೆಯು ೫ ವೋಲ್ಟಿನ ಒಂದು ಸಣ್ಣ ಪೂರೈಕೆಯನ್ನು ಮುಖ್ಯ ಹಲಗೆಗೆ ಒದಗಿಸುತ್ತಲೇ ಇರುತ್ತದೆ. ಮುಂಭಾಗದ ಗುಂಡಿಯು ಯಾವ ಪ್ರವಾಹವನ್ನೂ ಕಡಿಯುವುದಿಲ್ಲ. ಅದು ಬಾಗಿಲು ತಟ್ಟುವವನಂತೆ. ತಟ್ಟಿದುದನ್ನು ಕೇಳಿ ಏನು ಮಾಡಬೇಕೆಂಬುದನ್ನು ನಿರ್ಧರಿಸುವುದು ಒಳಗಿರುವ ಆಪರೇಟಿಂಗ್ ಸಿಸ್ಟಂ, ಎಂದರೆ ಯಂತ್ರದ ಕೆಲಸಗಳನ್ನೆಲ್ಲ ನಡೆಸುವ ಮೂಲಕ್ರಮವಿಧಿ. ಮಲಗಬೇಕೆ, ಪೂರ್ತಿ ನಿಲ್ಲಬೇಕೆ, ಸುಮ್ಮನಿರಬೇಕೆ ಎಂಬುದು ಅಲ್ಲಿ ನಾವು ಮಾಡಿಟ್ಟಿರುವ ಏರ್ಪಾಡನ್ನು ಅವಲಂಬಿಸಿದೆ. ಗುಂಡಿಯನ್ನು ಸುಮಾರು ೪ ಸೆಕೆಂಡು ಒತ್ತಿಹಿಡಿದರೆ ಮಾತ್ರ ಯಾರನ್ನೂ ಕೇಳದೆ ಯಂತ್ರವು ನಿಲ್ಲುತ್ತದೆ. ಅದು ಅಪತ್ಕಾಲದ ಉಪಾಯವೇ ಹೊರತು ನಿತ್ಯದ ಕ್ರಮವಲ್ಲ.

ಟೆಲಿವಿಷನ್ನಿನ ರಿಮೋಟು ಇನ್ನೂ ದೂರದ ಮಾತು. ಅದು ತೆರೆಯನ್ನು ಆರಿಸುತ್ತದೆ. ತೆರೆಯ ಹಿಂದಿನ ಗಣಕಕ್ಕೆ ಸಾಮಾನ್ಯವಾಗಿ ಅದರ ಸುದ್ದಿಯೇ ಮುಟ್ಟುವುದಿಲ್ಲ. ತೆರೆ ಕಪ್ಪಾಗಿದ್ದರೂ ಗಣಕವು ರಾತ್ರಿಯೆಲ್ಲ ದುಡಿಯುತ್ತಿರಬಹುದು.

ನಿಲುಗಡೆಯ ಮೆಟ್ಟಿಲುಗಳು

೧೯೯೬ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ ಎ.ಸಿ.ಪಿ.ಐ. ಎಂಬ ನಿಯಮಾವಳಿಯನ್ನು ಹೊರತಂದುವು. ಗಣಕದ ಎಚ್ಚರ ಹಾಗೂ ನಿದ್ರೆಗಳನ್ನು ಅದು ಎಸ್-೦ ಮೊದಲ್ಗೊಂಡು ಎಸ್-೫ರವರೆಗೆ ಮೆಟ್ಟಿಲುಗಳಾಗಿ ವಿಂಗಡಿಸಿತು. ಇವುಗಳಲ್ಲಿ ನಮಗೆ ಮುಖ್ಯವಾದವು ನಾಲ್ಕು.

ಎಸ್-೦ ಎಂಬುದು ಪೂರ್ಣ ಎಚ್ಚರದ ಸ್ಥಿತಿ.

ಎಸ್-೩ ಎಂಬುದು ಸ್ಲೀಪ್, ಎಂದರೆ ನಿದ್ರೆ. ಇದರಲ್ಲಿ ಸಂಸ್ಕಾರಕ, ಡಿಸ್ಕ್, ಪಂಖಗಳೆಲ್ಲ ನಿಲ್ಲುತ್ತವೆ. ಮೆಮೊರಿಯೊಂದಕ್ಕೆ ಮಾತ್ರ ವಿದ್ಯುತ್ತು ದೊರೆಯುತ್ತಿರುತ್ತದೆ. ಮೆಮೊರಿಯು ಪ್ರತಿಯೊಂದು ಅಂಕವನ್ನೂ ಅತಿಸೂಕ್ಷ್ಮವಾದ ಧಾರಕವೊಂದರಲ್ಲಿ ವಿದ್ಯುದಂಶವಾಗಿ ಇಟ್ಟುಕೊಂಡಿರುತ್ತದೆ. ಈ ವಿದ್ಯುದಂಶವು ಸದಾ ಸೋರುವುದರಿಂದ ಸುಮಾರು ೬೪ ಮಿಲಿಸೆಕೆಂಡುಗಳಿಗೊಮ್ಮೆ ಅದನ್ನು ಓದಿ ಮತ್ತೆ ತುಂಬಬೇಕಾಗುತ್ತದೆ. ಹಿಂದಿನ ಕಾಲದ ಅಡುಗೆಮನೆಗಳಲ್ಲಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರು. ಮೇಲೆ ನೋಡಿದವರಿಗೆ ಒಲೆ ಆರಿದಂತೆಯೇ ಕಾಣುತ್ತಿತ್ತು. ಬೆಳಗ್ಗೆ ಊದಿದೊಡನೆ ಉರಿ ಏಳುತ್ತಿತ್ತು. ಎಸ್-೩ ಸ್ಥಿತಿಯ ಗಣಕವು ಇಂತಹ ಬೂದಿ ಮುಚ್ಚಿದ ಕೆಂಡ. ಈ ಸ್ಥಿತಿಯಲ್ಲಿ ಗೋಡೆಯ ಸ್ವಿಚ್ಚನ್ನು ತೆಗೆಯುವುದು ಕೆಂಡದ ಮೇಲೆ ನೀರು ಹೊಯ್ದಂತೆ. ಉಳಿಸದೆ ಬಿಟ್ಟಿದ್ದ ಕೆಲಸವೆಲ್ಲ ನಷ್ಟವಾಗುತ್ತದೆ. ಈಚಿನ ಹಲವು ಸಣ್ಣ ಗಣಕಗಳಲ್ಲಿ ಎಸ್-೩ರ ಬದಲಿಗೆ ಎಸ್-೦ರಲ್ಲಿಯೇ ಕಡಮೆ ವಿದ್ಯುತ್ತನ್ನು ಬಳಸುತ್ತ ತೂಕಡಿಸುವ ವ್ಯವಸ್ಥೆಯಿದೆ. ಅದಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಎಸ್-೪ ಎಂಬುದು ಹೈಬರ್ನೇಟ್, ಶಿಶಿರನಿದ್ರೆ ಎನ್ನಬಹುದು. ಇದರಲ್ಲಿ ಮೆಮೊರಿಯಲ್ಲಿರುವುದನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರವು ನಿಲ್ಲುತ್ತದೆ. ಬರೆದು ಮುಗಿದ ಮೇಲೆ ಮೆಮೊರಿಗೆ ವಿದ್ಯುತ್ತು ಬೇಕಿಲ್ಲ. ಬರೆಯುವುದಕ್ಕೂ ಮತ್ತೆ ಓದಿಕೊಳ್ಳುವುದಕ್ಕೂ ಕೊಂಚ ಕಾಲ ಹಿಡಿಯುತ್ತದೆ, ಅಷ್ಟೆ. ಎಸ್-೩, ಎಸ್-೪ ಎರಡನ್ನೂ ಬೆರೆಸಿ, ಡಿಸ್ಕಿನಲ್ಲಿ ಪ್ರತಿಯನ್ನು ಬರೆದಿಟ್ಟು ಅನಂತರ ಮಲಗುವ ಮಿಶ್ರನಿದ್ರೆಯ ಏರ್ಪಾಡೂ ವಿಂಡೋಸಿನಲ್ಲಿದೆ. ಪದೇ ಪದೇ ವಿದ್ಯುತ್ತು ಹೋಗುವ ಊರುಗಳಿಗೆ ಇದು ಅನುಕೂಲವಾದುದು.

ಎಸ್-೫ ಎಂಬುದು ಷಟ್‌ಡೌನ್, ಎಂದರೆ ನಿಲುಗಡೆ. ಈ ಸ್ಥಿತಿಯಲ್ಲಿಯೂ ಮೇಲೆ ಹೇಳಿದ ೫ ವೋಲ್ಟಿನ ಪೂರೈಕೆ ಇದ್ದೇ ಇರುತ್ತದೆ. ಅದೂ ಹೋಗಬೇಕಾದರೆ ಗೋಡೆಯ ಸ್ವಿಚ್ಚನ್ನೇ ತೆಗೆಯಬೇಕು.

ಆದ್ದರಿಂದ ನೆನಪಿನಲ್ಲಿಡಬೇಕಾದ ನಿಯಮವಿಷ್ಟೆ: ಎಸ್-೪, ಎಸ್-೫ ಸ್ಥಿತಿಗಳನ್ನು ಮುಟ್ಟಿದ ಮೇಲೆ ಗೋಡೆಯ ಸ್ವಿಚ್ಚನ್ನು ತೆಗೆದರೆ ಹಾನಿಯಿಲ್ಲ, ಎಸ್-೦, ಎಸ್-೩ ಸ್ಥಿತಿಗಳಲ್ಲಿ ತೆಗೆಯಬಾರದು.

ಬರೆದಂತೆ ತೋರಿದ್ದು ಬರೆದದ್ದಲ್ಲ

ಹಾಗಾದರೆ ನಮ್ಮ ಒಂಬತ್ತು ಹಾಡುಗಳು ಏನಾದವು? ಪಟ್ಟಿ ಪೂರ್ತಿ ತುಂಬಿತ್ತಲ್ಲವೆ? ಡಿಸ್ಕಿನಲ್ಲಿ ಬರೆಯುವುದು ಮೆಮೊರಿಯಲ್ಲಿ ಬರೆಯುವುದಕ್ಕಿಂತ ಬಹಳ ನಿಧಾನವಾದ ಕೆಲಸ. ಆದಕಾರಣ ಆಪರೇಟಿಂಗ್ ಸಿಸ್ಟಂ ಬಂದುದನ್ನೆಲ್ಲ ಮೊದಲು ಮೆಮೊರಿಯಲ್ಲಿ ತೆಗೆದುಕೊಂಡು, 'ಆಯಿತು' ಎಂದು ತಿಳಿಸಿ, ಬಳಿಕ ಬಿಡುವಾದಂತೆ ಡಿಸ್ಕಿಗೆ ಇಳಿಸುತ್ತದೆ. ದಿನವೆಲ್ಲ ಚೀಟಿಗಳಲ್ಲಿ ಗುರುತುಹಾಕಿಕೊಂಡು ರಾತ್ರಿ ಅವನ್ನು ಲೆಕ್ಕದ ಪುಸ್ತಕಕ್ಕೆ ಏರಿಸುವ ಅಂಗಡಿಯವರ ಪದ್ಧತಿಯೂ ಇದೇ. ನಮ್ಮ ಗಣಕದಲ್ಲಿರುವ ಲಿನಕ್ಸ್ ವ್ಯವಸ್ಥೆಯು ಸಾಮಾನ್ಯವಾಗಿ ೩೦ ಸೆಕೆಂಡು ಹಳತಾದ ಬರಹವನ್ನು ಡಿಸ್ಕಿಗೆ ಇಳಿಸತೊಡಗುತ್ತದೆ. ಡಿಸ್ಕು ನಿಧಾನವಾದುದಾದರೆ ಕೆಲಸ ಮುಗಿಯುವುದು ಇನ್ನೂ ತಡ. ಅಷ್ಟರೊಳಗೆ ನಾವು ವಿದ್ಯುತ್ತನ್ನು ಕಡಿದಿದ್ದೆವು. ಹೆಸರುಗಳು ಪುಸ್ತಕಕ್ಕೆ ಏರಿದ್ದುವು. ಚೀಟಿಗಳು ಒಲೆಗೆ ಬಿದ್ದುವು.

ವಿದ್ಯುತ್ತು ಹೋದಮೇಲೆ ಗಣಕಕ್ಕೆ ಎಷ್ಟು ಕಾಲಾವಕಾಶವಿರುತ್ತದೆಂಬುದನ್ನು ಲೆಕ್ಕಹಾಕಿ ನೋಡಬಹುದು. ನಮ್ಮ ಮನೆಗಳಿಗೆ ಬರುವ ೨೩೦ ವೋಲ್ಟಿನ ಪರ್ಯಾಯ ಪ್ರವಾಹದ ಶಿಖರಮೌಲ್ಯ ಸುಮಾರು ೩೨೫ ವೋಲ್ಟು. ಪವರ್ ಸಪ್ಲೈ ಪೆಟ್ಟಿಗೆಯಲ್ಲಿ ೪೦೦ ಮೈಕ್ರೋಫ್ಯಾರಡಿನ ಧಾರಕವೊಂದು ಈ ವೋಲ್ಟೇಜಿಗೆ ತುಂಬಿರುವುದೆಂದು ಇಟ್ಟುಕೊಳ್ಳೋಣ. ಧಾರಕದ ಶಕ್ತಿಯು ಅದರ ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧಮಾಡಿದಷ್ಟು ಇರುತ್ತದಷ್ಟೆ. ಅದು ಸುಮಾರು ೨೧ ಜೂಲ್ ಆಗುತ್ತದೆ. ಗಣಕವು ೧೦೦ ವ್ಯಾಟ್ ಬಳಸುತ್ತಿದ್ದರೆ ಈ ಶಕ್ತಿಯೆಲ್ಲ ಒಂದು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ವೋಲ್ಟೇಜು ಇಳಿಯುತ್ತ ಬಂದಂತೆ ಪೆಟ್ಟಿಗೆಯು ಕೆಲಸ ನಿಲ್ಲಿಸುವುದರಿಂದ ಅಷ್ಟೂ ಉಪಯೋಗಕ್ಕೆ ಬರುವುದಿಲ್ಲ. ಇಷ್ಟು ಕಾಲದಲ್ಲಿ ಒಂದು ಹಾಡನ್ನು ಬರೆದು ಮುಗಿಸುವುದು ಹಾಗಿರಲಿ, ವಿದ್ಯುತ್ತು ಹೋಯಿತೆಂಬುದು ಆಪರೇಟಿಂಗ್ ಸಿಸ್ಟಂಗೆ ತಿಳಿಯುವುದೂ ಇಲ್ಲ.

ದೋಷಗಳೂ ಪರೀಕ್ಷೆಗಳೂ

ಇನ್ನು ಸಾಮಾನ್ಯವಾಗಿ ಕಂಡುಬರುವ ದೋಷಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದೇ ಏರ್ಪಾಡನ್ನು ಬದಲಾಯಿಸಿ, ಒಂದು ರಾತ್ರಿ ಕಾದು, ಫಲವನ್ನು ಬರೆದುಕೊಳ್ಳಬೇಕು.

೧. ಗಣಕವು ಮಲಗುವುದಿಲ್ಲ. ಯಾವುದೋ ಕ್ರಮವಿಧಿಯು 'ನನ್ನ ಕೆಲಸ ಮುಗಿದಿಲ್ಲ, ಮಲಗಬೇಡ' ಎಂದು ಕೇಳಿಕೊಂಡಿರುವುದೇ ಇದರ ಸಾಮಾನ್ಯ ಕಾರಣ. ಟೆಲಿವಿಷನ್ನನ್ನು ಆರಿಸಿದರೂ ಹಾಡುಗಳ ಸಾಲು ಮೌನವಾಗಿ ಓಡುತ್ತಿರಬಹುದು. ಇನ್ನೊಂದು ಕೋಣೆಯ ಗಣಕವು ಇದರಲ್ಲಿರುವ ಚಿತ್ರವೊಂದನ್ನು ತೆರೆದಿರಬಹುದು. ವಿಂಡೋಸಿನ ಆಜ್ಞಾಕಿಟಕಿಯಲ್ಲಿ 'ಪವರ್‌ಸಿಎಫ್‌ಜಿ' ಎಂಬ ಆಜ್ಞೆಯನ್ನು 'ರಿಕ್ವೆಸ್ಟ್ಸ್' ಎಂಬ ವಿಕಲ್ಪದೊಡನೆ ಕೊಟ್ಟರೆ ಹೀಗೆ ತಡೆಯುತ್ತಿರುವವರ ಪಟ್ಟಿ ದೊರೆಯುತ್ತದೆ. ಕೋಡಿ ಎಂಬ ಜನಪ್ರಿಯ ಮಾಧ್ಯಮ ಕ್ರಮವಿಧಿಯನ್ನು ಬಳಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಅದರ ಸಿಸ್ಟಂ ವಿಭಾಗದಲ್ಲಿ ವಿದ್ಯುತ್ ಉಳಿತಾಯಕ್ಕೆಂದು ಪ್ರತ್ಯೇಕವಾದ ಗಡುವೊಂದಿದೆ. ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಗಡುವು, ಕೋಡಿಯಲ್ಲಿ ಇನ್ನೊಂದು ಗಡುವು ಇಟ್ಟರೆ ಒಂದು ಮನೆಗೆ ಇಬ್ಬರು ಯಜಮಾನರಾದಂತೆ. ಒಂದನ್ನು ಪೂರ್ತಿ ತೆಗೆದುಹಾಕುವುದು ಲೇಸು.

೨. ಮಲಗಿದ ಗಣಕವು ತಾನಾಗಿ ಏಳುತ್ತದೆ. ಎಬ್ಬಿಸುವ ಅಧಿಕಾರವುಳ್ಳವರು ಮೂರು ಬಗೆ: ಮೌಸ್, ಕೀಲಿಮಣೆ, ರಿಮೋಟಿನ ಗ್ರಾಹಕ ಮೊದಲಾದ ಉಪಕರಣಗಳು, ಜಾಲದ ತಂತಿ, ಮೊದಲೇ ಇಟ್ಟ ಅಲಾರಂ. ಯಾರು ಎಬ್ಬಿಸಿದರೆಂಬುದನ್ನು ಮೇಲಿನ ಆಜ್ಞೆಯನ್ನೇ 'ಲಾಸ್ಟ್‌ವೇಕ್' ಎಂಬ ವಿಕಲ್ಪದೊಡನೆ ಕೊಟ್ಟು ತಿಳಿಯಬಹುದು. ಅಲಾರಂಗಳನ್ನು 'ವೇಕ್‌ಟೈಮರ್ಸ್' ಎಂಬುದು ತೋರಿಸುತ್ತದೆ. ಮೌಸಿನ ವಿಷಯದಲ್ಲಿ ಮೇಜು ಅಲುಗಿದರೂ ಸಾಕು, ಗಣಕಕ್ಕೆ ಎಚ್ಚರವಾಗಬಹುದು. ಆದ್ದರಿಂದ ರಿಮೋಟಿನ ಗ್ರಾಹಕಕ್ಕೆ ಮಾತ್ರ ಎಬ್ಬಿಸುವ ಅಧಿಕಾರವನ್ನಿಟ್ಟು, ಮೌಸಿನಿಂದ ಅದನ್ನು ಕಿತ್ತುಕೊಳ್ಳತಕ್ಕದ್ದು. ಜಾಲದ ಮೂಲಕ ಎಬ್ಬಿಸುವುದಕ್ಕೆ ಒಂದು ವಿಶಿಷ್ಟ ಸಂದೇಶವಿದೆ. ಎಲ್ಲ ಅಂಕಗಳೂ ಒಂದೇ ಆಗಿರುವ ೬ ಬೈಟುಗಳು, ಅವುಗಳ ಹಿಂದೆ ಆ ಗಣಕದ ೬ ಬೈಟಿನ ಜಾಲವಿಳಾಸ ೧೬ ಸಲ. ಒಟ್ಟು ೧೦೨ ಬೈಟುಗಳು. ನಿದ್ರಿಸುವವನ ಹೆಸರನ್ನು ಹದಿನಾರು ಸಲ ಕೂಗಿದಂತೆ. ಇಂತಹ ಸಂದೇಶಕ್ಕೆ ಮಾತ್ರ ಏಳಬೇಕೆಂದು ಜಾಲಫಲಕದ ಏರ್ಪಾಡಿನಲ್ಲಿ ಗುರುತುಹಾಕಿದರೆ ಇತರ ಗದ್ದಲಗಳಿಗೆ ಗಣಕವು ಏಳುವುದಿಲ್ಲ.

೩. ನಿಲ್ಲೆಂದರೆ ಬಹಳ ಹೊತ್ತು ನಿಲ್ಲುವುದಿಲ್ಲ. ನಿಲ್ಲುವ ಮುನ್ನ ಆಪರೇಟಿಂಗ್ ಸಿಸ್ಟಂ ಎಲ್ಲ ಕ್ರಮವಿಧಿಗಳಿಗೂ ಕೆಲಸ ಮುಗಿಸಿಕೊಳ್ಳುವಂತೆ ತಿಳಿಸಿ ಕಾಯುತ್ತದೆ. ಈಚಿನ ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಕಾಯುವಿಕೆಯ ರೂಢಿಯ ಮಿತಿ ೯೦ ಸೆಕೆಂಡು. ಜಾಲದ ಮೂಲಕ ಬೇರೊಂದು ಯಂತ್ರದ ಡಿಸ್ಕನ್ನು ಜೋಡಿಸಿಕೊಂಡಿದ್ದು, ಅದನ್ನು ಬಿಡಿಸುವ ಮೊದಲೇ ಜಾಲವು ನಿಂತುಹೋದರೆ ಉತ್ತರ ಬಾರದೆ ಕಾಯಬೇಕಾಗುತ್ತದೆ. ಯಾವ ಸೇವೆಗಾಗಿ ಕಾಯುತ್ತಿರುವುದೆಂಬುದು ತೆರೆಯ ಮೇಲೆಯೇ ಬರುತ್ತದೆ. ಅದನ್ನು ಬರೆದುಕೊಂಡು ಆ ಸೇವೆಯನ್ನು ಸರಿಪಡಿಸಬೇಕು. ತಾಳ್ಮೆಗೆಟ್ಟು ಗುಂಡಿಯನ್ನು ಒತ್ತಿಹಿಡಿಯಬಾರದು. ಆ ಒಂದೂವರೆ ನಿಮಿಷದಲ್ಲಿಯೇ ಚೀಟಿಗಳು ಪುಸ್ತಕಕ್ಕೆ ಏರುತ್ತಿರಬಹುದು.

೪. ನಿಲ್ಲಿಸಿ ಮತ್ತೆ ಹಚ್ಚಿದರೂ ದೋಷ ಹಾಗೆಯೇ ಇರುತ್ತದೆ; ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಇದು ವಿಚಿತ್ರವಾಗಿ ತೋರಿದರೂ ಕಾರಣ ಸ್ಪಷ್ಟವಾಗಿದೆ. ೨೦೧೨ರ ವಿಂಡೋಸ್ ೮ರೊಡನೆ ತ್ವರಿತಾರಂಭವೆಂಬ ಏರ್ಪಾಡು ಬಂದಿತು. ಇದರಲ್ಲಿ ಷಟ್‌ಡೌನ್ ಎಂದಾಗ ನಮ್ಮ ಕ್ರಮವಿಧಿಗಳು ಮುಚ್ಚುತ್ತವೆಯೇ ಹೊರತು ವ್ಯವಸ್ಥೆಯ ತಿರುಳು ಎಸ್-೪ರಂತೆ ಡಿಸ್ಕಿನಲ್ಲಿ ಬರೆಯಲ್ಪಡುತ್ತದೆ. ಮರುದಿನ ಅದೇ ತಿರುಳು ಅದರ ದೋಷಗಳೊಡನೆ ಎದ್ದು ಬರುತ್ತದೆ. ರೀಸ್ಟಾರ್ಟ್ ಎಂದಾಗಲಾದರೋ ತಿರುಳೂ ಹೊಸದಾಗಿ ಆರಂಭವಾಗುತ್ತದೆ. ಷಿಫ್ಟ್ ಕೀಲಿಯನ್ನು ಒತ್ತಿಹಿಡಿದು ಷಟ್‌ಡೌನನ್ನು ಆರಿಸಿಕೊಂಡರೆ ಆ ಒಂದು ಸಲ ಪೂರ್ಣ ನಿಲುಗಡೆ ದೊರೆಯುತ್ತದೆ. ಒಂದೇ ಗಣಕದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡಿರುವವರು ತ್ವರಿತಾರಂಭವನ್ನು ತೆಗೆದುಹಾಕುವುದೇ ಕ್ಷೇಮ. ಇಲ್ಲವಾದರೆ ಅರ್ಧ ಮಲಗಿದ ವಿಂಡೋಸಿನ ಡಿಸ್ಕ್‌ಭಾಗದಲ್ಲಿ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ.

೫. ವಿದ್ಯುತ್ತು ಹೋಗಿ ಬಂದೊಡನೆ ಗಣಕವು ತಾನಾಗಿ ಹೊತ್ತಿಕೊಳ್ಳುತ್ತದೆ. ಮುಖ್ಯ ಹಲಗೆಯ ಬಯಾಸ್ ಎಂಬ ಮೂಲ ಏರ್ಪಾಡಿನಲ್ಲಿ, ವಿದ್ಯುತ್ತು ಮರಳಿದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಮೂರು ಉತ್ತರಗಳಿರುವುದು ವಾಡಿಕೆ: ನಿಂತೇ ಇರು, ಹೊತ್ತಿಕೊ, ಮೊದಲಿದ್ದ ಸ್ಥಿತಿಗೆ ಮರಳು. ಮನೆಯ ಗಣಕಕ್ಕೆ ಮೊದಲನೆಯ ಉತ್ತರವೇ ಯೋಗ್ಯವಾದುದು.

೬. ಇನ್ವರ್ಟರ್ ಇದ್ದರೂ ವಿದ್ಯುತ್ತು ಹೋದ ಕ್ಷಣದಲ್ಲಿ ಗಣಕವು ನಿಂತು ಮತ್ತೆ ಆರಂಭವಾಗುತ್ತದೆ. ಬ್ಯಾಟರಿಗೆ ಬದಲಾಯಿಸಿಕೊಳ್ಳಲು ಇನ್ವರ್ಟರಿಗೆ ಸ್ವಲ್ಪ ಕಾಲ ಬೇಕು. ಆ ಅಂತರದಲ್ಲಿ ಗಣಕವನ್ನು ಹೊರಬೇಕಾದುದು ಮೇಲೆ ಹೇಳಿದ ಧಾರಕವೇ. ಸುಮಾರು ೧೬ ಮಿಲಿಸೆಕೆಂಡುಗಳಾದರೂ ಅದು ತಾಳಿಕೊಳ್ಳಬೇಕೆಂಬುದು ಎ.ಟಿ.ಎಕ್ಸ್. ಕ್ರಮದ ಅಪೇಕ್ಷೆ. ಹಲವು ಗೃಹ ಇನ್ವರ್ಟರುಗಳ ಹಿಂಬದಿಯಲ್ಲಿ ಯು.ಪಿ.ಎಸ್. ಎಂದೂ ನಾರ್ಮಲ್ ಎಂದೂ ಎರಡು ಸ್ಥಾನಗಳ ಸಣ್ಣ ಸ್ವಿಚ್ಚಿರುತ್ತದೆ. ಎರಡನೆಯ ಸ್ಥಾನದಲ್ಲಿ ಬದಲಾವಣೆ ನಿಧಾನ. ದೀಪ, ಪಂಖಗಳಿಗೆ ಅದು ಸಾಕು, ಗಣಕಕ್ಕೆ ಸಾಲದು. ಮೊದಲನೆಯ ಸ್ಥಾನಕ್ಕೆ ತಳ್ಳಿದರೆ ಸಾಮಾನ್ಯವಾಗಿ ದೋಷ ನಿವಾರಣೆಯಾಗುತ್ತದೆ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ಮಾಧ್ಯಮಕ್ಕಾಗಿ ಬಳಸುವವರಿಗೆ ಒಂದು ಮಾತು. ೨೦೧೨ರಲ್ಲಿ ಬಂದ ಈ ಗಣಕದ ಹಲಗೆಗೆ ಬಹುಕಾಲ ಗುಂಡಿಯೇ ಇರಲಿಲ್ಲ. ೨೦೨೩ರ ಐದನೆಯ ಮಾದರಿಯಲ್ಲಿ ಅದು ಬಂದಿತು. ಹಳೆಯ ಮಾದರಿಗಳಲ್ಲಿ ನಿಲುಗಡೆಯ ಆಜ್ಞೆ ಕೊಟ್ಟ ಮೇಲೆ ಹಸಿರು ದೀಪದ ಮಿಟುಕು ಪೂರ್ತಿ ನಿಲ್ಲುವವರೆಗೆ ಕಾದು ಅನಂತರ ವಿದ್ಯುತ್ತನ್ನು ತೆಗೆಯಬೇಕು. ಕೆಂಪು ದೀಪವು ಉರಿಯುತ್ತಲೇ ಇರುವುದು ಸಹಜ.

ಉಳಿತಾಯದ ಲೆಕ್ಕ

ಗೋಡೆಯ ಸ್ವಿಚ್ಚಿನಿಂದ ನಿಜವಾಗಿ ಎಷ್ಟು ಉಳಿಯುತ್ತದೆ? ಗಣಕವೊಂದು ಕೆಲಸವಿಲ್ಲದೆ ಎಚ್ಚರವಾಗಿರುವಾಗ ೩೦ ವ್ಯಾಟನ್ನೂ, ಎಸ್-೩ರಲ್ಲಿ ೨ ವ್ಯಾಟನ್ನೂ, ಎಸ್-೫ರಲ್ಲಿ ಅರ್ಧ ವ್ಯಾಟನ್ನೂ ಬಳಸುವುದೆಂದು ಇಟ್ಟುಕೊಳ್ಳೋಣ. ದಿನಕ್ಕೆ ೨೦ ಗಂಟೆ ಅದು ನಿರುಪಯುಕ್ತವಾಗಿರುವುದಾದರೆ ವರ್ಷಕ್ಕೆ ಎಚ್ಚರದಲ್ಲಿ ೨೧೯ ಯೂನಿಟ್ಟು, ನಿದ್ರೆಯಲ್ಲಿ ಸುಮಾರು ೧೫ ಯೂನಿಟ್ಟು, ನಿಲುಗಡೆಯಲ್ಲಿ ೪ ಯೂನಿಟ್ಟಿಗೂ ಕಡಮೆ ಖರ್ಚಾಗುತ್ತದೆ. ಅರ್ಧ ವ್ಯಾಟೆಂಬುದು ಅತಿ ಉದಾರವಾದ ಊಹೆಯಲ್ಲ. ಯುರೋಪಿಯನ್ ಒಕ್ಕೂಟವು ೨೦೦೮ರಲ್ಲಿ ಮಾಡಿದ ನಿಯಮದಂತೆ ಗೃಹೋಪಕರಣಗಳ ನಿಲುಗಡೆಯ ವ್ಯಯಕ್ಕೆ ೨೦೧೦ರಿಂದ ೧ ವ್ಯಾಟ್, ೨೦೧೩ರಿಂದ ಅರ್ಧ ವ್ಯಾಟ್ ಎಂಬ ಮಿತಿ ಬಂದಿತು.

ಈ ಲೆಕ್ಕದ ಸಾರಾಂಶವನ್ನು ವಾಚಕರು ಗಮನಿಸಬೇಕು. ಗಣಕವನ್ನು ಮಲಗಿಸಿದ ಮಾತ್ರಕ್ಕೆ ೨೦೦ಕ್ಕೂ ಹೆಚ್ಚು ಯೂನಿಟ್ಟು ಉಳಿಯುತ್ತದೆ. ಸರಿಯಾಗಿ ನಿಲ್ಲಿಸಿದ ಗಣಕದ ಗೋಡೆಯ ಸ್ವಿಚ್ಚನ್ನು ವರ್ಷವಿಡೀ ತಪ್ಪದೆ ತೆಗೆದರೆ ಉಳಿಯುವುದು ನಾಲ್ಕು ಯೂನಿಟ್ಟಿಗಿಂತ ಕಡಮೆ. ಗುಡುಗು ಸಿಡಿಲಿನ ದಿನಗಳಲ್ಲಿ ಗಣಕವನ್ನು ನಿಲ್ಲಿಸಿ, ಪ್ಲಗ್ಗನ್ನೇ ಕಿತ್ತಿಡುವುದು ವಿವೇಕ; ಊರಿಗೆ ಹೋಗುವಾಗಲೂ ಹಾಗೆಯೇ. ಮಿಕ್ಕ ದಿನಗಳಲ್ಲಿ ಗೋಡೆಯ ಸ್ವಿಚ್ಚಿಗಿಂತ ಮಲಗಿಸುವ ಗಡುವೇ ಹೆಚ್ಚು ಉಳಿಸುತ್ತದೆ.

ನಮ್ಮ ಮನೆಯಲ್ಲಿ ಈಗ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಅರ್ಧ ಗಂಟೆ ಕೆಲಸವಿಲ್ಲದಿದ್ದರೆ ಗಣಕವು ಮಲಗುತ್ತದೆ. ಎಬ್ಬಿಸುವ ಅಧಿಕಾರ ರಿಮೋಟಿಗೆ ಮಾತ್ರ. ರಾತ್ರಿ ಷಟ್‌ಡೌನ್ ಆಜ್ಞೆ ಕೊಟ್ಟು, ಗಣಕದ ದೀಪ ಆರುವವರೆಗೂ ಸ್ವಿಚ್ಚನ್ನು ಮುಟ್ಟುವುದಿಲ್ಲ. ವರ್ಗಾಯಿಸಿದ ಫೈಲುಗಳನ್ನು ಗಣಕವನ್ನು ಒಮ್ಮೆ ನಿಲ್ಲಿಸಿ, ಮತ್ತೆ ಹಚ್ಚಿ, ತೆರೆದು ಕೇಳಿದ ಮೇಲೆಯೇ ಮೂಲಪ್ರತಿಯನ್ನು ಅಳಿಸುತ್ತೇವೆ. ಅದೂ ಇನ್ನೊಂದು ಡಿಸ್ಕಿನಲ್ಲಿ ಎರಡನೆಯ ಪ್ರತಿಯಿದ್ದಾಗ ಮಾತ್ರ.

ನಮ್ಮ ತಾಯಿಯವರಿಗೆ ಈಗ ಹಾಡುವಷ್ಟು ಉಸಿರಿಲ್ಲ. ಕಳೆದುಹೋದ ಒಂಬತ್ತರಲ್ಲಿ ಐದನ್ನು ಚಿಕ್ಕಮ್ಮನವರು ಬಲ್ಲರು. ಅವರಿಂದ ಹಾಡಿಸಿ ಮುದ್ರಿಸಿಕೊಂಡೆವು. ಉಳಿದ ನಾಲ್ಕರ ಹೆಸರುಗಳನ್ನು ಗಣಕದಿಂದ ತೆಗೆದುಹಾಕದೆ ಹಾಗೆಯೇ ಇಟ್ಟಿದ್ದೇವೆ.